ಮೇಷ್ಟ್ರ ಪುಸ್ತಕಗಳಿಗೆ ಜಾಗ ಹುಡುಕಿದ ಭಾನುವಾರ

ಸಾಗರದ ಕಡೆ ನಮ್ಮೂರಿನಲ್ಲಿ ಪುಸ್ತಕಕ್ಕೆ ಎರಡು ಶತ್ರುಗಳು. ಮಳೆಗಾಲದ ಥಂಡಿ ಒಂದು, ಒರಲೆ ಇನ್ನೊಂದು. ತೀರಿಕೊಂಡ ಮೇಷ್ಟ್ರ ಮಗ ತಂದೆಯ ಪುಸ್ತಕಗಳನ್ನೆಲ್ಲ ಅಡಿಕೆ ಚೀಲಗಳಲ್ಲಿ ತುಂಬಿಸಿ ಪಂಚಾಯಿತಿಯ ಅರಿವು ಕೇಂದ್ರಕ್ಕೆ ತಂದು ಇಳಿಸಿದರು. "ಅಟ್ಟದ ಮೇಲಿದ್ರೆ ಇನ್ನೊಂದು ಮಳೆಗಾಲ ತಡೆಯೂದಿಲ್ಲ, ಓದೋರ ಕೈಗೆ ಹೋಗ್ಲಿ" ಅಂದರು. ಗ್ರಂಥಾಲಯದ ಮೇಲ್ವಿಚಾರಕಿ ಒಬ್ಬರೇ. ಕೈಜೋಡಿಸಲು ನಾವೊಂದಿಷ್ಟು ಜನ ಭಾನುವಾರ ಬೆಳಿಗ್ಗೆಯೇ ಹೋದೆವು.

ಚೀಲ ಬಿಚ್ಚುತ್ತ ಹೋದ ಹಾಗೆ ಆ ಮನುಷ್ಯನ ಓದಿನ ಹರವು ಕಂಡು ಬೆರಗಾಯಿತು. ಪ್ರೈಮರಿ ಶಾಲೆಯ ಮೇಷ್ಟ್ರು ಅವರು. ಹಳಗನ್ನಡ ಕಾವ್ಯದ ಪಕ್ಕದಲ್ಲಿ ಶಿಕ್ಷಣದ ಪುಸ್ತಕ, ಅದರ ಕೆಳಗೆ ದೇವಾಲಯ ಶಿಲ್ಪದ ಪುಸ್ತಕ, ಆಮೇಲೆ ನಾಟಕ, ಶಾಸನ ಸಂಪುಟ, ಮತ್ತೆ ಕಾದಂಬರಿ. ಹೆಗ್ಗೋಡಿನ ನೀನಾಸಂ ಇಷ್ಟು ಹತ್ತಿರ ಇರುವಾಗ ರಂಗಭೂಮಿಯ ಪುಸ್ತಕ ಒಂದು ಚೀಲದ ತುಂಬ ಇದ್ದದ್ದು ಆಶ್ಚರ್ಯವಲ್ಲ. ಎಲ್ಲಕ್ಕೂ ಹಳೆಯ ಕ್ಯಾಲೆಂಡರ್ ಹಾಳೆಯ ಬೈಂಡು, ಬೆನ್ನಿನ ಮೇಲೆ ಮಸಿಯಲ್ಲಿ ಬರೆದ ಹೆಸರು.

ಪುಸ್ತಕ ಜೋಡಿಸುವುದು ಧೂಳು ಒರೆಸಿ ನಿಲ್ಲಿಸುವ ಕೆಲಸ ಅಂತ ನಮ್ಮ ಜೊತೆಗಿದ್ದ ಹುಡುಗರು ತಿಳಿದಿದ್ದರು. ಕೂತಾಗ ಗೊತ್ತಾಯಿತು: ಯಾವ ಕಪಾಟಿಗೆ ಇಡುತ್ತೇವೋ ಆ ಕಪಾಟಿನ ಮುಂದೆ ನಿಲ್ಲುವವನೇ ಆ ಪುಸ್ತಕದ ಓದುಗ. ತಪ್ಪು ಕಡೆ ಇಟ್ಟರೆ ಅದು ಇದ್ದೂ ಇಲ್ಲದ ಹಾಗೆ.

ಪುಸ್ತಕಗಳಿಗೆ ವಿಷಯವಾರು ಸಂಖ್ಯೆ ಕೊಟ್ಟು ವಿಂಗಡಿಸಲು 1876ರಲ್ಲಿ ಮೆಲ್ವಿಲ್ ಡ್ಯೂಯಿ ಮಾಡಿಟ್ಟ ದಶಮಾಂಶ ಪದ್ಧತಿಯೇ ಹೆಚ್ಚಿನ ಕಡೆ ಬಳಕೆಯಲ್ಲಿದೆ. 370 ಶಿಕ್ಷಣ, 700 ಕಲೆ, 800 ಸಾಹಿತ್ಯ, 900 ಇತಿಹಾಸ. ಇಂಗ್ಲಿಷ್ ಸಾಹಿತ್ಯಕ್ಕೆ ಸಲೀಸಾಗಿ 820 ಅಂತ ಸಿಕ್ಕಿದೆ, ಕನ್ನಡ ಸಾಹಿತ್ಯಕ್ಕೆ 894.814. ನಮ್ಮಂಥ ಕಡೆ ಇರುವ ಪುಸ್ತಕಗಳಲ್ಲಿ ಬಹುಪಾಲು ಕನ್ನಡ ಸಾಹಿತ್ಯವೇ, ಹಾಗಾಗಿ ಎಲ್ಲದರ ಬೆನ್ನಿಗೂ ಅದೇ ಉದ್ದ ಸಂಖ್ಯೆ ಅಂಟಿಸಿದರೆ ಯಾರಿಗೂ ಏನೂ ಸಿಗುವುದಿಲ್ಲ. ರಿಜಿಸ್ಟರಿನಲ್ಲಿ ಸಂಖ್ಯೆ ಇರಲಿ, ಕಪಾಟಿನ ಮೇಲೆ ಕವಿತೆ, ಕಥೆ, ಕಾದಂಬರಿ, ನಾಟಕ ಅಂತಲೇ ಚೀಟಿ ಇರಲಿ ಎಂದು ಮೇಡಂ ತೀರ್ಮಾನಿಸಿದರು. ತಮ್ಮ ಓದುಗರನ್ನು ದಿನಾ ಕಾಣುವವರ ತೀರ್ಮಾನ ಅದು, ನನಗೆ ಸರಿ ಅನ್ನಿಸಿತು.

ಜಗಳ ಶುರುವಾದದ್ದು ಲಿಂಗಣ್ಣ ಕವಿಯ 'ಕೆಳದಿನೃಪವಿಜಯಂ' ಕೈಗೆ ಬಂದಾಗ. 18ನೇ ಶತಮಾನದ ಚಂಪೂಕಾವ್ಯ, ಹಾಗಾಗಿ ಸಾಹಿತ್ಯ ಅಂತ ಒಬ್ಬರು. ಕೆಳದಿ ಅರಸರ ಚರಿತ್ರೆ ಬರೆಯುವವರು ಇದನ್ನು ಬಿಟ್ಟು ಬರೆಯಲಾರರು, ಇತಿಹಾಸಕ್ಕೆ ಹೋಗಲಿ ಅಂತ ನಾನು. ಶಾಲೆಯಿಂದ ಕೆಳದಿ ಗುಡಿ ನೋಡಿ ಬಂದ ಹುಡುಗಿ, ಶಿವಪ್ಪ ನಾಯಕನ ಶಿಸ್ತು (ಅವನ ಭೂಕಂದಾಯದ ಪದ್ಧತಿ) ಅಂದರೆ ಏನು ಅಂತ ಕೇಳುವವಳು, ಚಂಪೂ ಹುಡುಕಿಕೊಂಡು ಬರುವುದಿಲ್ಲವಲ್ಲ! ಕೊನೆಗೆ ಇತಿಹಾಸಕ್ಕೇ ಇಟ್ಟೆವು. ಅದೇ ಚೀಲದಲ್ಲಿ ಕೆಳದಿಯ ಬಸವರಾಜ 1709ರಲ್ಲಿ ಸಂಸ್ಕೃತದಲ್ಲಿ ರಚಿಸಿದ 'ಶಿವತತ್ತ್ವರತ್ನಾಕರ'ದ ಒಂದು ಸಂಪುಟವೂ ಇತ್ತು. ರಾಜನೀತಿ, ಸಂಗೀತ, ಅಡುಗೆ, ವಂಶಚರಿತ್ರೆ ಎಲ್ಲವನ್ನೂ 108 ತರಂಗಗಳಲ್ಲಿ, ಅಂದರೆ ಅಧ್ಯಾಯಗಳಲ್ಲಿ, ಹಿಡಿದಿಟ್ಟ ಕೃತಿ. ಅದನ್ನು ಯಾವ ಕಪಾಟಿಗೆ ಇಡಬೇಕೆಂದು ಯಾರಿಗೂ ಹೊಳೆಯಲಿಲ್ಲ. ಇಲ್ಲಿಂದ ಬಸ್ಸಿನ ದಾರಿಯಲ್ಲಿರುವ ಊರಲ್ಲಿ ಆಳಿದ ದೊರೆ ಬರೆದದ್ದು ಅಂತ ಕೇಳಿದ ಮೇಲೆ ಹುಡುಗರು ಅದನ್ನು ಕೈಯಿಂದ ಕೈಗೆ ದಾಟಿಸಿ ನೋಡಿದರು.

ಶಿಕ್ಷಣದ ಕಪಾಟಿನಲ್ಲಿ ಆಗಲೇ ಪೊಲೀಸ್ ಪರೀಕ್ಷೆ, ಎಫ್‌ಡಿಎ, ಟಿಇಟಿ ಗೈಡುಗಳು ತುಂಬಿದ್ದವು. ಆ ಗೈಡು ಹಿಡಿದು ಸಂಜೆಯವರೆಗೂ ಕೂರುವ ಹುಡುಗ ಹುಡುಗಿಯರ ಮೇಲೆ ನನಗೆ ಗೌರವವಿದೆ. ಅವರಿಗಾಗಿ ಗೈಡುಗಳಿಗೇ ಬೇರೆ ರ‍್ಯಾಕ್ ಮಾಡಿದೆವು. ಖಾಲಿಯಾದ ಜಾಗಕ್ಕೆ ಬಂದದ್ದು ಗಿಜುಭಾಯಿ ಬಧೇಕಾ ಅವರ 'ದಿವಾಸ್ವಪ್ನ', 1930ರ ದಶಕದ ಗುಜರಾತಿ ಪುಸ್ತಕದ ಕನ್ನಡ ರೂಪ. ಅದರಲ್ಲಿ ಲಕ್ಷ್ಮೀಶಂಕರ ಎಂಬ ಮೇಷ್ಟ್ರು ನಾಲ್ಕನೇ ತರಗತಿಗೆ ಹೋಗಿ ಮೊದಲ ದಿನ ಮಕ್ಕಳಿಗೆ ಮೌನದ ಆಟ ಕಲಿಸಲು ಹೊರಡುತ್ತಾರೆ. ಮಕ್ಕಳು ಗಲಾಟೆ ಎಬ್ಬಿಸುತ್ತಾರೆ, ಆಟ ಕೆಡುತ್ತದೆ. ಮಾರನೇ ದಿನ ಪಾಠಪುಸ್ತಕ ಮುಟ್ಟದೆ ಕಥೆ ಹೇಳಲು ಕೂರುತ್ತಾರೆ, ಕ್ಲಾಸು ಕಿವಿಯಾಗುತ್ತದೆ. ನಮ್ಮ ಮೇಷ್ಟ್ರ ಹತ್ತಿರ ಓದಿದವರು ಅಲ್ಲೇ ಇಬ್ಬರಿದ್ದರು. "ನಮ್ಗೂ ಮಧ್ಯಾಹ್ನ ಊಟ ಆದ್ಮೇಲೆ ಮೊದ್ಲು ಕಥೆ, ಆಮೇಲೆ ಲೆಕ್ಕ" ಅಂತ ಒಬ್ಬ ಅಂದ. ಅಂಗನವಾಡಿಯ ಅಕ್ಕ ಆ ಪುಸ್ತಕವನ್ನು ಅಕ್ಸೆಷನ್ ನಂಬರ್ (ರಿಜಿಸ್ಟರಿನ ದಾಖಲೆ ಸಂಖ್ಯೆ) ಬೀಳುವ ಮೊದಲೇ ಕಾದಿರಿಸಿದರು.

ಕಲೆಯ ಪುಸ್ತಕಗಳು ಕಡಿಮೆ, ಆದರೆ ಒಂದು ಮಾತ್ರ ಇಡೀ ಮಧ್ಯಾಹ್ನವನ್ನು ತಿಂದಿತು. ದೀವರ ಸಮುದಾಯದವರು ಗೋಡೆಯ ಮೇಲೆ ಬರೆಯುವ ಹಸೆ ಚಿತ್ತಾರದ ಚಿತ್ರಗಳಿದ್ದ ದೊಡ್ಡ ಅಳತೆಯ ಪುಸ್ತಕ. 700ಕ್ಕೆ ಹಾಕಬೇಕೋ, ಜಾನಪದದ 398ಕ್ಕೋ? ಪಂಚಾಯಿತಿ ಕೆಲಸಕ್ಕೆ ಬಂದಿದ್ದ ಹಿರಿಯ ಹೆಂಗಸೊಬ್ಬರು ಬಾಗಿಲಲ್ಲೇ ನಿಂತು ಇಣುಕಿದರು. "ಬನ್ನಿ ಅಮ್ಮ, ಕೂತ್ಕೊಳ್ಳಿ" ಅಂದೆವು. ಪುಟ ತಿರುಗಿಸುತ್ತ ಒಂದು ಚಿತ್ರದ ಮೇಲೆ ಬೆರಳಿಟ್ಟು ಎಳೆ ಎಣಿಸಿದರು. ಕೆಮ್ಮಣ್ಣು ಬಳಿದ ಗೋಡೆ, ಅಕ್ಕಿ ನೆನೆಸಿ ಅರೆದ ಬಿಳಿ, ಹುರಿದ ಅಕ್ಕಿಯ ಕಪ್ಪು, ಪುಂಡಿ ನಾರಿನ ಕುಂಚ ಎಲ್ಲವನ್ನೂ ಅವರೇ ಹೇಳಿದರು. ಭೂಮಿ ಹುಣ್ಣಿಮೆಯ ಬುಟ್ಟಿಗೆ ಬರೆಯುವುದು ತಮಗೆ ಬರುತ್ತದೆ, ಮದುವೆ ಗೋಡೆಯ ದೊಡ್ಡ ಚಿತ್ತಾರವನ್ನು ತಮ್ಮ ಅತ್ತೆ ಬರೆಯುತ್ತಿದ್ದರು, ಅದರ ಅಂಚು ಈಗ ಪೂರ್ತಿ ನೆನಪಿಲ್ಲ ಅಂದರು. ಇಷ್ಟು ತಿಳಿದವರು ಸದಸ್ಯತ್ವದ ಕಾರ್ಡು ಮಾಡಿಸಿರಲಿಲ್ಲ. ಮೇಡಂ ಅಲ್ಲೇ ಮಾಡಿಸಿದರು.

ಆ ಪುಸ್ತಕವನ್ನು ನಾವು ಕಲೆಗೆ ಸೇರಿಸಿದ್ದೇವೆ. ಬೇಲೂರಿನ ಶಿಲ್ಪದ ಪುಸ್ತಕದ ಮಗ್ಗುಲಲ್ಲೇ ಅದರ ಜಾಗ, ಈ ವಿಷಯದಲ್ಲಿ ನಾನು ಯಾರ ಮಾತಿಗೂ ಬಗ್ಗಲಿಲ್ಲ. ಸದ್ಯ ಅದು ಅಲ್ಲಿಲ್ಲ. ಆ ಅಮ್ಮ ಮೊಮ್ಮಗಳ ಮದುವೆಗೆ ಗೋಡೆ ಬರೆಯಲು ಒಯ್ದಿದ್ದಾರೆ, ವಾಪಸು ಕೊಡುವ ದಿನ ದಾಟಿದೆ. ಮದುವೆ ಮುಗಿಯುವವರೆಗೆ ಕೇಳುವುದು ಬೇಡ ಅಂತ ಮೇಡಂ ರಿಜಿಸ್ಟರಿನಲ್ಲಿ ಅವಧಿ ಮುಂದುವರಿಸಿದ್ದಾರೆ.