ಡೊಮೇನ್ ಬೇರೆ ಕಡೆ ಒಯ್ಯೋಕೆ ಇಷ್ಟೊಂದು ದುಡ್ಡು ಯಾಕೆ?

ಹುಬ್ಬಳ್ಳಿಯ ವಿದ್ಯಾನಗರದಲ್ಲಿ ವೆಬ್‌ಸೈಟ್ ಮಾಡಿಕೊಡುವ ಸಣ್ಣ ಅಂಗಡಿ ನನ್ನದು. ತಿಂಗಳಿಗೆ ಒಬ್ಬರಾದರೂ ಈ ಪ್ರಶ್ನೆ ಕೇಳುತ್ತಾರೆ: ಡೊಮೇನ್ ಹೆಸರನ್ನು, ಅಂದರೆ ವೆಬ್‌ಸೈಟ್ ವಿಳಾಸವನ್ನು, ಅದನ್ನು ನೋಂದಾಯಿಸಿಕೊಡುವ ಒಂದು ಕಂಪನಿಯಿಂದ (ರಿಜಿಸ್ಟ್ರಾರ್) ಇನ್ನೊಂದಕ್ಕೆ ಒಯ್ಯಲು ಇಷ್ಟು ದುಡ್ಡು ಯಾಕೆ? ಕಡಿಮೆ ಮಾಡೋಕೆ ಆಗಲ್ವಾ?

ಹೋದ ಸೀಸನ್‌ನಲ್ಲಿ ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರಿಯೊಬ್ಬರು ಬಂದಿದ್ದರು. ಫೋನನ್ನು ನನ್ನ ಮುಖದ ಮುಂದೆ ಹಿಡಿದರು. ಅವರ ಸೈಟ್ ಮಾಡಿಕೊಟ್ಟವನು ವಾಟ್ಸ್ಆ್ಯಪ್‌ನಲ್ಲಿ ಕಳಿಸಿದ್ದು ಒಂದೇ ಸಾಲು: ‘ಡೊಮೇನ್ ರಿಲೀಸ್ ಚಾರ್ಜ್ 8,000’.

“ನಮ್ಮ ಹೆಸರು ನಮಗ ಕೊಡಾಕ ಎಂಟು ಸಾವಿರ ಯಾಕ್ರೀ ಸರ?”

ಅವರ ಅಂಗಿಯಲ್ಲಿದ್ದ ಮೆಣಸಿನ ಘಾಟಿಗೆ ನಾನು ಎರಡು ಸಲ ಸೀನಿದೆ. ಉತ್ತರಕ್ಕೆ ಅರ್ಧ ಗಂಟೆ ಹಿಡಿಯಿತು.

ಮೊದಲು ನ್ಯಾಯವಾದ ಖರ್ಚು. ಡಾಟ್ ಕಾಮ್ ಹೆಸರಿನ ವರ್ಗಾವಣೆ ಶುಲ್ಕ ಹೋಗುವುದು ಹೊಸ ಕಂಪನಿಗೆ. ಹೆಸರಿಗೆ ವರ್ಗಾವಣೆ ಶುಲ್ಕ, ಅಸಲಿಗೆ ಅದು ಒಂದು ವರ್ಷದ ರಿನ್ಯೂವಲ್. ನಿಮ್ಮ ಅವಧಿ ಒಂದು ವರ್ಷ ಮುಂದೆ ಹೋಗುತ್ತದೆ. ಹೇಗೂ ಕಟ್ಟಬೇಕಿದ್ದ ದುಡ್ಡನ್ನು ಬೇರೆ ಗಲ್ಲಾದಲ್ಲಿ ಕಟ್ಟಿದ ಹಾಗೆ. ಡಾಟ್ ಕಾಮ್ ನಡೆಸುವ ವೆರಿಸೈನ್ 2024ರ ಸೆಪ್ಟೆಂಬರ್‌ನಲ್ಲಿ ತನ್ನ ಸಗಟು ದರವನ್ನು ವರ್ಷಕ್ಕೆ 10.26 ಡಾಲರ್‌ಗೆ ಏರಿಸಿತು. ಅದರ ಮೇಲೆ ಡೊಮೇನ್ ಹೆಸರುಗಳ ನಿಯಮ ಮಾಡುವ ಐಕ್ಯಾನ್ ಸಂಸ್ಥೆಗೆ 20 ಸೆಂಟ್, ನಮ್ಮಲ್ಲಿ 18% ಜಿಎಸ್‌ಟಿ, ಕಂಪನಿಯ ಲಾಭ. ಆದ್ದರಿಂದ ಸಾವಿರದ ಆಚೀಚೆ ಬಿಲ್ ಬಂದರೆ ಅದು ಲೂಟಿ ಅಲ್ಲ.

ಮೂರು ಸಾವಿರ ಬಂದರೆ? ಆಗ ಬಿಲ್ಲನ್ನು ಕೆಳತನಕ ಓದಿ. ಪ್ರೈವಸಿ (ಮಾಲೀಕರ ವಿವರ ಮರೆಮಾಡುವುದು), ಇಮೇಲ್, ‘ಪ್ರೊಟೆಕ್ಷನ್’ ಅಂತ ಮೊದಲೇ ಟಿಕ್ ಹಾಕಿಟ್ಟಿರುತ್ತಾರೆ. ಕೊತ್ತಂಬರಿ ತರಲು ಹೋದವನ ಚೀಲಕ್ಕೆ ಕುಂಬಳಕಾಯಿ ಹಾಕಿ ಕಳಿಸಿದ ಹಾಗೆ. ಪ್ರೈವಸಿಗೆ ಬೇರೆ ದುಡ್ಡು ಕೊಡುವುದು ನನಗಂತೂ ಒಪ್ಪಿಗೆಯಿಲ್ಲ. 2018ರಲ್ಲಿ ಯುರೋಪಿನ ಡೇಟಾ ಕಾನೂನು ಬಂದ ಮೇಲೆ ಡಾಟ್ ಕಾಮ್ ಮಾಲೀಕರ ವಿವರ ಹೊರಗೆ ಕಾಣಿಸುವುದೇ ಕಡಿಮೆ. ಹೊಸಬರಿಗೆ ಮೊದಲ ವರ್ಷ ಅಗ್ಗ ಅಂತ ಬೋರ್ಡ್ ಹಾಕಿದ್ದರೆ, ಎರಡನೇ ವರ್ಷದ ದರ ಎಷ್ಟು ಅಂತ ಅಲ್ಲೇ ನೋಡಿಬಿಡಿ.

ಜನ ನಿಜವಾಗಿ ದುಡ್ಡು ಕಳೆದುಕೊಳ್ಳುವುದು ತಡ ಮಾಡಿ. ಆಥ್ ಕೋಡ್, ಅಂದರೆ ವರ್ಗಾವಣೆಗೆ ಬೇಕಾದ ಗುಪ್ತ ಸಂಕೇತ, ಕೇಳಿದರೆ ಹಳೇ ಕಂಪನಿ ಐದು ದಿನದೊಳಗೆ ಕೊಡಬೇಕು. ಆಮೇಲೆ ವರ್ಗಾವಣೆಗೆ ಇನ್ನೂ ಐದು ದಿನ ಹಿಡಿಯಬಹುದು. ಅವಧಿ ಮುಗಿಯುವ ವಾರ ಎಚ್ಚರವಾದರೆ ಏನು ಮಾಡ್ತೀರಿ? ಅವಧಿ ಮುಗಿದ ಮೇಲೆ ಗಾಬರಿಯಲ್ಲಿ ಹಳೇ ಕಡೆ ರಿನ್ಯೂ ಮಾಡಿಸಿ, ಮರುವಾರವೇ ಹೊಸ ಕಡೆ ಹೋದರೆ ಹಳೇ ರಿನ್ಯೂವಲ್‌ನ ವರ್ಷ ಲೆಕ್ಕದಿಂದ ಬಿದ್ದುಹೋಗಬಹುದು. ಅವಧಿ ಮುಗಿದ ಮೇಲೂ ಸುಮ್ನೆ ಕೂತರೆ ಮುಂದೆ ರಿಡೆಂಪ್ಶನ್ ಅಂತ 30 ದಿನದ ಒಂದು ಘಟ್ಟ ಬರುತ್ತದೆ. ಅಲ್ಲಿಂದ ಬಿಡಿಸಿಕೊಳ್ಳಲು ರಿನ್ಯೂವಲ್‌ನ ಹಲವು ಪಟ್ಟು ತೆರಬೇಕು. ಒಂದೆರಡು ತಿಂಗಳು ಮೊದಲೇ ಹೊರಡಿ ಅಂತ ನಾನು ಎಲ್ಲರಿಗೂ ಹೇಳುತ್ತೇನೆ. ಹೊಸದಾಗಿ ಕೊಂಡ ಹೆಸರಾದರೆ ಮೊದಲ 60 ದಿನ ಕದಲಿಸೋಕೆ ಆಗಲ್ಲ.

ಈಗ ಆ ಎಂಟು ಸಾವಿರಕ್ಕೆ ಬರೋಣ. ದುಡ್ಡಿನ ಜಗಳ ಇದೆ ಅನ್ನುವ ಒಂದೇ ಕಾರಣಕ್ಕೆ ರಿಜಿಸ್ಟ್ರಾರ್ ಕಂಪನಿ ಆಥ್ ಕೋಡ್ ತಡೆಹಿಡಿಯುವಂತಿಲ್ಲ. ಇದು ಐಕ್ಯಾನ್ ನಿಯಮ. (ಡಾಟ್ ಇನ್ ಹೆಸರುಗಳು ಭಾರತದ ನಿಕ್ಸಿ ಸಂಸ್ಥೆಯ ಕೈಯಲ್ಲಿವೆ, ಅಲ್ಲಿಯ ನಿಯಮ ಬೇರೆ.) ಆದರೆ ಈ ಹಕ್ಕು ಇರುವುದು ಡೊಮೇನ್ ಯಾರ ಹೆಸರಿನಲ್ಲಿದೆಯೋ ಅವರಿಗೆ ಮಾತ್ರ.

“ಅವಧಿ ಮುಗಿಯೋ ಮುಂಚೆ ನಿಮಗೆ ಮೇಲ್ ಬಂದಿತ್ತಾ?” ಅಂತ ಕೇಳಿದೆ. ಹೆಸರು ಯಾರದ್ದೋ ಅವರಿಗೆ ರಿಜಿಸ್ಟ್ರಾರ್ ಕನಿಷ್ಠ ಎರಡು ಸಲ ನೆನಪಿಸಲೇಬೇಕು.

“ಒಂದೂ ಬಂದಿಲ್ರೀ.”

ಅಲ್ಲಿಗೆ ಗೊತ್ತಾಯಿತು. ಸೈಟ್ ಮಾಡಿಕೊಟ್ಟವನು ಡೊಮೇನನ್ನು ತನ್ನ ಹೆಸರು, ತನ್ನ ಮೇಲ್ ಹಾಕಿ ತೆಗೆದುಕೊಂಡಿದ್ದ. ನಿಯಮ ಅವನ ಕಡೆಗಿತ್ತು. ಕಂಪನಿಗೆ ದೂರು ಕೊಟ್ಟಿದ್ದರೆ ಅವರು ಅವನನ್ನೇ ಮಾಲೀಕ ಅನ್ನುತ್ತಿದ್ದರು.

ಉಳಿದದ್ದು ಚೌಕಾಸಿ. ಅದು ನನ್ನ ಕೆಲಸ ಅಲ್ಲ, ಮಾರ್ಕೆಟ್ ಯಾರ್ಡ್‌ನವರ ಕೆಲಸ. ಹದಿನೈದು ನಿಮಿಷ ಫೋನಿನಲ್ಲಿ ಮಾತಾಡಿ ಸಾಹುಕಾರರು ಎರಡು ಸಾವಿರಕ್ಕೆ ಇಳಿಸಿದರು. ಕೊಡಬಾರದು ಅಂತ ನನಗೆ ಅನಿಸಿತ್ತು. ಆದರೆ ಅವರ ಚೀಲದ ಮೇಲೆಲ್ಲ ಅದೇ ವಿಳಾಸ ಅಚ್ಚಾಗಿತ್ತು.

ಕೊನೆಗೆ ಕಂಪನಿ ಬದಲಿಸಲೇ ಇಲ್ಲ. ಅದೇ ರಿಜಿಸ್ಟ್ರಾರ್‌ನಲ್ಲಿ ಅವರದೇ ಒಂದು ಖಾತೆ ತೆರೆದು, ಅವನ ಖಾತೆಯಿಂದ ಅಲ್ಲಿಗೆ ಹೆಸರನ್ನು ತಳ್ಳಿಸಿಕೊಂಡೆವು. ಅದಕ್ಕೆ ಆ ಕಂಪನಿ ಒಂದು ರೂಪಾಯಿಯೂ ಕೇಳಲಿಲ್ಲ. ಖಾತೆಗೆ ಇಮೇಲ್ ಬೇಕಿತ್ತು.

“ನಿಮ್ಮದ ಹಾಕ್ರೀ ಸರ, ನಿಮ್ಮ ಮ್ಯಾಲೆ ನಂಬಿಕಿ ಐತಿ.”

“ಅವನ ಮೇಲೂ ಇತ್ತಲ್ಲ್ರೀ” ಅಂದೆ. ನಕ್ಕರು. ಹೊಸ ಜಿಮೇಲ್ ಮಾಡಿಕೊಟ್ಟೆ. ಪಾಸ್‌ವರ್ಡ್ ಹಾಕುವಾಗ ನಾನು ಮುಖ ತಿರುಗಿಸಿಕೊಂಡೆ. ಅವರು ಕಿರ್ದಿ ಪುಸ್ತಕದ ಕೊನೇ ಹಾಳೆ ತೆಗೆದು ಅದನ್ನು ನಿಧಾನಕ್ಕೆ ಬರೆದುಕೊಂಡರು.