ಗೋಡೆಗೆ ಮಳೆ ಹತ್ತಿಸುವುದು

ಡ್ರಾಯಿಂಗ್ ಹಾಲ್ ಎಂದರೆ ಈಗಲೂ ಕಣ್ಣಿಗೆ ಕಟ್ಟುವುದು ಮೂಲೆಯ ಮಾಡೆಲ್ ಮೇಜು, ಅದರ ಮೇಲೆ 1:50ರ ಅಳತೆಯ, ಅಂದರೆ ಅಸಲಿನ ಐವತ್ತನೇ ಒಂದು ಪಾಲಿನ, ಚಿರೆಕಲ್ಲಿನ ಮನೆಗಳು. ಕಾರವಾರದಲ್ಲಿ ಕೂತು ಬಯಲುಸೀಮೆಯ ಇಟ್ಟಿಗೆ ಗೋಡೆ ಯಾಕೆ, ಕಿಟಕಿಯಾಚೆ ಕಾಣುವುದನ್ನೇ ಮಾಡಿ ಎಂಬುದು ಮೇಷ್ಟ್ರ ತಕರಾರು. ಹಾಗೆ ನೋಡಿದರೆ ಎರಡೂ ತೀರಾ ದೂರದವಲ್ಲ: ಸ್ಕಾಟಿಷ್ ವೈದ್ಯ ಫ್ರಾನ್ಸಿಸ್ ಬುಕಾನನ್ 1807ರ ತನ್ನ ಪ್ರವಾಸ ಗ್ರಂಥದಲ್ಲಿ ಈ ಕಲ್ಲಿಗೆ ಕೊಟ್ಟ ‘ಲ್ಯಾಟರೈಟ್’ ಎಂಬ ಹೆಸರಿನ ಲ್ಯಾಟಿನ್ ಮೂಲಕ್ಕೆ ಇಟ್ಟಿಗೆ ಎಂದೇ ಅರ್ಥ.

ಕಲ್ಲು 390×190 ಮಿ.ಮೀ. ಎಂದು ಹಿಡಿದರೆ ಮಾಡೆಲ್‌ನಲ್ಲಿ ಸಂದು ಸೇರಿ ಸುಮಾರು 8×4 ಮಿ.ಮೀ. ಇಟ್ಟಿಗೆಯಾದರೆ 4×2. ಫೋಮ್ ಬೋರ್ಡಿನ ಕಾಗದ ಸುಲಿದು, ರೀಫಿಲ್ ಮುಗಿದ ಬಾಲ್‌ಪೆನ್ನಿನಿಂದ ಮೊದಲು ಅಡ್ಡ ಗೆರೆ, ಆಮೇಲೆ ವರಸೆ ಬಿಟ್ಟು ವರಸೆ ಅರ್ಧ ಕಲ್ಲು ಸರಿಸಿ ಉದ್ದ ಗೆರೆ. ಮೂಲೆಯ ಗೆರೆಗಳನ್ನು ಮಾತ್ರ ಗೋಡೆ ಅಂಟಿಸಿದ ಮೇಲೆಯೇ ಗೀರಬೇಕು. ಇಲ್ಲದಿದ್ದರೆ ಒಂದು ಗೋಡೆಯ ವರಸೆ ಇನ್ನೊಂದಕ್ಕೆ ಕೂಡುವುದಿಲ್ಲ, ಬಣ್ಣ ಅದನ್ನು ಮುಚ್ಚುವುದೂ ಇಲ್ಲ. ಚಿರೆಕಲ್ಲಿನ ತೂತುಗಳಿಗೆ ಅಲ್ಯುಮಿನಿಯಂ ಫಾಯಿಲ್ ಮುದ್ದೆ ಮಾಡಿ ಒತ್ತಿದರೆ ಸಾಕು. ಸ್ಪ್ರೇ ಡಬ್ಬಿಯ ಪ್ರೈಮರ್ ಬೇಡ, ಅದರ ದ್ರಾವಕ ಫೋಮನ್ನು ತಿನ್ನುತ್ತದೆ. ಅಕ್ರಿಲಿಕ್ಕೇ ಸೈ.

ಟ್ಯೂಬಿನಿಂದ ಹಿಂಡಿದ ಕೆಂಪನ್ನು ಹಾಗೇ ಬಳಿದರೆ ಆಟಿಕೆಯಾಗುತ್ತದೆ. ಬರ್ನ್ಟ್ ಸಿಯೆನ್ನಾ ಎಂಬ ಕೆಂಗಂದು ಎರಡು ಪಾಲು, ಯೆಲ್ಲೋ ಆಕರ್ ಎಂಬ ಮಣ್ಣುಹಳದಿ ಒಂದು ಪಾಲು, ಚೂರು ಬಿಳಿ. ಚಿಕ್ಕ ವಸ್ತುವಿನ ಮೇಲೆ ಬಣ್ಣ ಇದ್ದದ್ದಕ್ಕಿಂತ ಕಪ್ಪಾಗಿ ಕಾಣುವುದರಿಂದ ಆ ಬಿಳಿ ಬೇಕೇ ಬೇಕು. ಹತ್ತರಲ್ಲಿ ಎರಡು ಮೂರು ಕಲ್ಲಿಗೆ ಬೇರೆ ಛಾಯೆ, ಆದರೆ ಪಕ್ಕಪಕ್ಕದವಕ್ಕೆ ಅಲ್ಲ.

ಸಂದು ತುಂಬುವ ಮುಂಚೆ ಒಂದು ಕೋಟ್ ಮ್ಯಾಟ್ ವಾರ್ನಿಷ್. ಇಲ್ಲದಿದ್ದರೆ ಗಾರೆಯ ಬಿಳಿ ಕಲ್ಲಿಗೂ ಹತ್ತಿ ಗೋಡೆಯೆಲ್ಲ ಬೂದಿ ಬಳಿದಂತಾಗುತ್ತದೆ. ವಾಲ್ ಪುಟ್ಟಿಗೆ ರಾ ಅಂಬರ್ ಎಂಬ ಮಣ್ಣುಗಂದು ಬೆರೆಸಿ, ಮಜ್ಜಿಗೆಯಷ್ಟು ತೆಳುವಾಗಿ ಸವರಿ, ಒದ್ದೆ ಬಟ್ಟೆಯಲ್ಲಿ ಓರೆಯಾಗಿ ಒರೆಸಬೇಕು. ಗೆರೆಯ ಗುಂಟ ಒರೆಸಿದರೆ ತುಂಬಿದ್ದೆಲ್ಲ ಬಟ್ಟೆಗೇ ಬರುತ್ತದೆ.

ಇನ್ನು ಮಳೆ. ನಮ್ಮ ಕರಾವಳಿಯ ಗೋಡೆ ಹಳತಾಗುವುದು ಧೂಳಿನಿಂದಲ್ಲ, ನೀರಿನಿಂದ. ಎಲ್ಲೆಡೆ ಒಂದೇ ಸಮ ಕೊಳೆ ಬಳಿದ ಮಾಡೆಲ್ ಸುಳ್ಳು ಹೇಳುತ್ತದೆ. ಪಶ್ಚಿಮದ ಗೋಡೆಗೆ ಇರಚಲು ಜಾಸ್ತಿ. ಸೂರಿನ ಕೆಳಗಿನ ಪಟ್ಟಿಗೆ ನೀರು ತಾಗದು, ಅದು ತಿಳಿಯಾಗಿಯೇ ಉಳಿಯಲಿ. ಮಾಡಿನ ನೀರು ಅಂಗಳಕ್ಕೆ ಬಿದ್ದು ಸಿಡಿಯುವ ಬುಡದ ಎರಡಡಿ, ಅಂದರೆ ಮಾಡೆಲ್‌ನಲ್ಲಿ 12 ಮಿ.ಮೀ., ಪಾಚಿಯ ಜಾಗ. ಅಲ್ಲೂ ಹಸಿರಿಗಿಂತ ಕಪ್ಪೇ ಹೆಚ್ಚು: ಕಾಂಪೌಂಡ್ ಗೋಡೆಯ ನೆತ್ತಿಯನ್ನು ಬೇಸಿಗೆಯಲ್ಲಿ ನೋಡಿದರೆ ತಿಳಿಯುತ್ತದೆ, ಒಣಗಿದ ಹಾವಸೆ ಮಸಿಯಂತಿರುತ್ತದೆ.

ಈ ಕಲೆಗೆ ಬರ್ನ್ಟ್ ಅಂಬರ್ ಎಂಬ ಗಾಢ ಕಂದು, ಕಪ್ಪು ಸೇರಿ ಒಂದು ಪಾಲಿಗೆ ಹತ್ತು ಪಾಲು ನೀರು, ಪಾತ್ರೆ ತೊಳೆಯುವ ಸೋಪಿನ ಒಂದೇ ಹನಿ. ಸೋಪಿಲ್ಲದಿದ್ದರೆ ನೀರು ಕೆಸುವಿನೆಲೆಯ ಮೇಲಿನಂತೆ ಮಣಿಗಟ್ಟಿ ಸಂದಿಗೆ ಇಳಿಯುವುದಿಲ್ಲ. ಈ ನೀರುಬಣ್ಣದ ತೆಳು ಲೇಪ, ಅಂದರೆ ವಾಶ್, ಕೊಡುವಾಗ ಗೋಡೆ ಮಲಗಿರಬೇಕು, ನಿಂತಿದ್ದರೆ ಕೆಳಗೆ ಹರಿದು ಅಂಚು ಕಟ್ಟುತ್ತದೆ. ಕಿಟಕಿ ಸರಳಿನ ತುಕ್ಕಿಗೆ ಮಾತ್ರ ಗೋಡೆ ನಿಲ್ಲಿಸಿ: ಸಿಯೆನ್ನಾದ ಸಾಸಿವೆ ಗಾತ್ರದ ಚುಕ್ಕೆ, ಒದ್ದೆ ಬ್ರಷ್‌ನಿಂದ ಕೆಳಕ್ಕೆ ಒಂದೇ ಎಳೆತ. ಎರಡನೆಯ ಸಲ ಎಳೆದರೆ ಕೆಟ್ಟಿತು.

ಉಪ್ಪು ಹೂಬಿಟ್ಟ ಬಿಳಿ ಕಲೆಗೆ ಚಾಕ್ ಪೇಸ್ಟಲ್‌ನ ಪುಡಿ ಒಳ್ಳೆಯದು, ಆದರೆ ವಾರ್ನಿಷ್ ಬಿದ್ದೊಡನೆ ಅರ್ಧಕ್ಕರ್ಧ ಮಾಯ. ಅದನ್ನು ಕೊನೆಗೇ ಹಚ್ಚಿ, ಮತ್ತೆ ಮುಟ್ಟಬಾರದು. ಜೂನ್, ಜುಲೈನಲ್ಲಿ ಮ್ಯಾಟ್ ವಾರ್ನಿಷನ್ನು ಸ್ಪ್ರೇ ಮಾಡುವ ಸಾಹಸವೂ ಬೇಡ. ಗಾಳಿಯ ತೇವಕ್ಕೆ ಅದು ಮಂಜಿನಂತೆ ಬೆಳ್ಳಗಾಗುತ್ತದೆ. ಪ್ರದರ್ಶನ ಆಗಸ್ಟ್‌ನಲ್ಲೇ ಇದ್ದರೆ ನೀರಿನಲ್ಲಿ ಕರಗುವ ವಾರ್ನಿಷನ್ನು ಬ್ರಷ್‌ನಲ್ಲೇ ತೆಳುವಾಗಿ ಹಚ್ಚಿ, ಫ್ಯಾನಿನ ಕೆಳಗೆ ಒಂದು ರಾತ್ರಿ ಬಿಡಿ.