ನಾಯಿ ನೋಡಲು ಹೋದವರು
ಇವತ್ತು ಮಾರ್ಚ್ 17. ಐರ್ಲೆಂಡಿನ ರಾಜಧಾನಿ ಡಬ್ಲಿನ್ ತುಂಬ ಸೇಂಟ್ ಪ್ಯಾಟ್ರಿಕ್ ಹಬ್ಬದ ಹಸಿರು. ಪಕ್ಕದ ಮನೆ ಅಜ್ಜಿ ಕೋಟಿಗೆ ಶ್ಯಾಮ್‌ರಾಕ್ ಎಲೆ ಸಿಕ್ಕಿಸಿಕೊಂಡು ಬಂದು ಬಿಸಿ ಬಿಸಿ ಸೋಡಾ ಬ್ರೆಡ್ ಕೊಟ್ಟು ಹೋದರು. ಅದಕ್ಕೆ ಈಸ್ಟ್ ಬೇಡ. ಮಜ್ಜಿಗೆ, ಅಡುಗೆ ಸೋಡಾ ಸೇರಿದರೆ ಸಾಕು, ಉಬ್ಬುತ್ತದೆ. ಬೆಣ್ಣೆ ಸವರಿ ತಿಂದೆ. (ಜೊತೆಗೆ ಮಾವಿನ ಮಿಡಿ ಉಪ್ಪಿನಕಾಯಿ. ಅಜ್ಜಿಗೆ ಹೇಳಿಲ್ಲ.) ಈ ಹಬ್ಬಕ್ಕೆ ಕಾರ್ನ್ಡ್ ಬೀಫ್ (ಉಪ್ಪಲ್ಲಿ ನೆನೆಸಿದ ದನದ ಮಾಂಸ) ಅಂದರೆ ಅವರಿಗೆ ಸಿಟ್ಟು: "ಅದು ಅಮೆರಿಕಕ್ಕೆ ಹೋದವರ ಊಟ ಕಣಮ್ಮ, ನಮ್ಮದು ಬೇಕನ್, ಎಲೆಕೋಸು."

ಈಗ ಗಿನ್ನೆಸ್ ಬಿಯರ್ ಹೊಳೆಯಾಗಿ ಹರಿಯುವ ಈ ದಿನ, 1960ರ ಹೊತ್ತಿನವರೆಗೂ ಪಬ್‌ಗಳಿಗೆ ಕಾನೂನಿನ ಬೀಗವಿತ್ತು. ಡಬ್ಲಿನ್‌ನ ಶ್ವಾನ ಪ್ರದರ್ಶನದಲ್ಲಿ ಮಾತ್ರ ಗುಟುಕು ಸಿಗುತ್ತಿತ್ತಂತೆ. ಅವತ್ತು ಊರಿಗೆಲ್ಲ ನಾಯಿಗಳ ಮೇಲೆ ಅದೆಂಥ ಪ್ರೀತಿ ಉಕ್ಕುತ್ತಿತ್ತೋ!